ಅಮ್ಮನ ಕಣ್ಣಿಗೆ ಎಎಂಡಿ ಬಂದದ್ದು ಯಾಕೆ? ನನಗೂ ಬರುತ್ತಾ?

ಪ್ರಶ್ನೆ: ನನ್ನ ಅಮ್ಮನಿಗೆ 73 ವರ್ಷ. ಎರಡು ವರ್ಷದ ಹಿಂದೆ ಪೊರೆ ಆಪರೇಷನ್ ಆಯಿತು. ಆಮೇಲೂ ಪೇಪರ್ ಓದುವಾಗ ನಡುವಿನ ಅಕ್ಷರಗಳು ಕಾಣುವುದಿಲ್ಲ ಅನ್ನುತ್ತಿದ್ದರು. ರೆಟಿನಾ ಡಾಕ್ಟರಿಗೆ ತೋರಿಸಿದಾಗ ಎರಡೂ ಕಣ್ಣಲ್ಲಿ ಎಎಂಡಿ (ವಯಸ್ಸಾದಂತೆ ಅಕ್ಷಿಪಟಲದ ನಡುಭಾಗ, ಅಂದರೆ ಮ್ಯಾಕ್ಯುಲಾ, ಕೆಡುವ ಕಾಯಿಲೆ) ಇದೆ, ಬಲಗಣ್ಣಲ್ಲಿ ಡ್ರೈ (ಸೋರಿಕೆ ಇಲ್ಲದ ಬಗೆ), ಎಡಗಣ್ಣಲ್ಲಿ ವೆಟ್ (ಹೊಸ ರಕ್ತನಾಳಗಳು ಸೋರುವ ಬಗೆ) ಎಂದರು. ಎಡಗಣ್ಣಿಗೆ ಇಂಜೆಕ್ಷನ್ ನಡೆಯುತ್ತಿದೆ. ಅಮ್ಮ ನಲವತ್ತು ವರ್ಷ ಹೊಲಿಗೆ ಮಾಡಿದವರು. ಅದರಿಂದ ಬಂತಾ? ಪೊರೆ ಆಪರೇಷನ್‌ನಿಂದ ಬಂತಾ? ಇದರ ಕಾರಣ ವಿಜ್ಞಾನಿಗಳಿಗೆ ಗೊತ್ತಾಗಿದೆಯಾ? ಬಲಗಣ್ಣೂ ಹಾಗೇ ಆಗುತ್ತಾ? ನನಗೀಗ 46. ಜೀನ್ ಟೆಸ್ಟ್ ಮಾಡಿಸಬೇಕಾ? (ಓದುಗರು, ಶಿವಮೊಗ್ಗ)

ಉತ್ತರ: ಮೊದಲು ಹೊಲಿಗೆಯ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಇದು ನಿಮ್ಮ ತಾಯಿಯವರ ಮನಸ್ಸನ್ನೂ ಕೊರೆಯುತ್ತಿರಬಹುದು. ಹೊಲಿಗೆಯಿಂದ ಬಂದಿಲ್ಲ. ಸೂಜಿಗೆ ದಾರ ಪೋಣಿಸಿ, ಟಿವಿ ನೋಡಿ, ಮೊಬೈಲ್ ನೋಡಿ ಮ್ಯಾಕ್ಯುಲಾ ಸವೆಯುವುದಿಲ್ಲ. ಕಣ್ಣು ಆಯಾಸವಾಗಬಹುದು, ಅಷ್ಟೇ.

ಪೊರೆ ಆಪರೇಷನ್ ಮೇಲೂ ಅಪವಾದ ಹೊರಿಸಬೇಡಿ. ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಪೊರೆ ತೆಗೆಸಿಕೊಂಡವರಲ್ಲಿ ಎಎಂಡಿ ಜಾಸ್ತಿ ಕೆಟ್ಟಿತು ಅನ್ನುವುದಕ್ಕೆ ಸ್ಪಷ್ಟ ಆಧಾರ ಸಿಗಲಿಲ್ಲ. ನಡೆಯುವುದು ಸಾಮಾನ್ಯವಾಗಿ ಹೀಗೆ: ಪೊರೆಯೂ ಎಎಂಡಿಯೂ ಒಂದೇ ವಯಸ್ಸಿನಲ್ಲಿ ಬರುತ್ತವೆ. ಪೊರೆ ಇರುವಷ್ಟು ದಿನ ಮಂಜು ಕಂಡದ್ದೆಲ್ಲ ಪೊರೆಯ ಲೆಕ್ಕಕ್ಕೆ ಹೋಗುತ್ತದೆ. ಪೊರೆ ದಟ್ಟವಾಗಿದ್ದರೆ ಡಾಕ್ಟರಿಗೂ ಹಿಂದಿನ ಪದರ ಸರಿಯಾಗಿ ಕಾಣುವುದಿಲ್ಲ. ಪೊರೆ ತೆಗೆದ ಮೇಲೆ ಉಳಿದ ತೊಂದರೆ ಎದ್ದು ಕಾಣುತ್ತದೆ. ನಮ್ಮ ಕಡೆ ವಯಸ್ಸಾದವರ ಕಣ್ಣು ಮಂಜಾಯಿತು ಅಂದರೆ ಪೊರೆ ಅಂತಲೇ ಅರ್ಥ, ಅಲ್ವಾ? ಹಾಗಾಗಿ ಆಪರೇಷನ್ ಆಯಿತು, ಇನ್ನು ಕಣ್ಣು ಸರಿಹೋಯಿತು ಅಂತ ಮನೆಯವರು ಸುಮ್ಮನಾಗುತ್ತಾರೆ. ನೀವು ಸುಮ್ಮನಾಗದೆ ತೋರಿಸಿದ್ದು ಒಳ್ಳೆಯದಾಯಿತು.

ಈಗ ಕಾರಣದ ಪ್ರಶ್ನೆಗೆ ಬರೋಣ. ಇದಕ್ಕೆ ಉತ್ತರ ಸ್ವಲ್ಪ ಉದ್ದ. ಈ ಕಾಯಿಲೆಯಲ್ಲಿ ಶುರು ಮಾಡುವುದು ಒಂದು, ಮುಂದಕ್ಕೆ ತಳ್ಳುವುದು ಇನ್ನೊಂದು. ಮೊದಲನೆಯದರ ಬಗ್ಗೆ ಕಳೆದ ಇಪ್ಪತ್ತು ವರ್ಷಗಳಲ್ಲಿ ತುಂಬ ತಿಳಿದಿದೆ. ಎರಡನೆಯದು ಇನ್ನೂ ಪೂರ್ತಿ ಕೈಗೆ ಸಿಕ್ಕಿಲ್ಲ. ಪತ್ರಿಕೆಯಲ್ಲಿ ‘ಎಎಂಡಿಗೆ ಕಾರಣ ಪತ್ತೆ’ ಅಂತ ಸುದ್ದಿ ಬಂದಾಗ ಈ ಎರಡನ್ನೂ ಕಲಸಿಬಿಟ್ಟಿರುತ್ತಾರೆ.

ಮ್ಯಾಕ್ಯುಲಾ ಅಂದರೆ ಅಕ್ಷಿಪಟಲದ ನಡುಭಾಗ, ಸುಮಾರು ಐದೂವರೆ ಮಿಲಿಮೀಟರ್ ಅಗಲ. ಅದರ ಮಧ್ಯದಲ್ಲಿ ಒಂದೂವರೆ ಮಿಲಿಮೀಟರಿನ ಒಂದು ತಗ್ಗು. ಓದುವುದು, ಮುಖ ಗುರುತಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು ಎಲ್ಲ ಆ ಚುಕ್ಕೆಯಷ್ಟು ಜಾಗದ ಕೆಲಸ. ಎಎಂಡಿಯಲ್ಲಿ ಕಣ್ಣು ಪೂರ್ತಿ ಕತ್ತಲಾಗದಿರುವುದು ಇದೇ ಕಾರಣಕ್ಕೆ. ಪಕ್ಕದ ನೋಟ ಉಳಿಯುತ್ತದೆ. ಬಾಗಿಲಿಗೆ ಯಾರೋ ಬಂದರು ಅಂತ ತಿಳಿಯುತ್ತದೆ, ಬಂದವರು ಯಾರು ಅಂತ ತಿಳಿಯುವುದಿಲ್ಲ.

ಆದರೆ ರೋಗ ಶುರುವಾಗುವುದು ನೋಡುವ ಜೀವಕೋಶಗಳಲ್ಲಿ ಅಲ್ಲ. ಅವುಗಳ ಹಿಂದೆ ಇರುವ ಒಂದೇ ಒಂದು ಕೋಶದಷ್ಟು ದಪ್ಪದ ಕಂದು ಪದರದಲ್ಲಿ. ಇದನ್ನು ನಾವು ಆರ್‌ಪಿಇ ಎನ್ನುತ್ತೇವೆ. ಬೆಳಕು ಹಿಡಿಯುವ ಕೋಶಗಳ ತುದಿ ದಿನವೂ ಸವೆಯುತ್ತದೆ. ಸುಮಾರು ಹತ್ತರಲ್ಲೊಂದು ಪಾಲು ಪ್ರತಿದಿನ ಉದುರಿ ಹೊಸದು ಬೆಳೆಯುತ್ತದೆ. ಉದುರಿದ್ದನ್ನು ತಿಂದು ಅರಗಿಸುವುದು ಆರ್‌ಪಿಇ ಕೆಲಸ. ಒಂದೊಂದು ಆರ್‌ಪಿಇ ಕೋಶದ ಪಾಲಿಗೆ ಬೆಳಕಿನ ಕೋಶಗಳು ಹತ್ತಾರು ಬರುತ್ತವೆ. ಈ ಕೋಶಗಳು ದೊಡ್ಡವರಲ್ಲಿ ಹೊಸದಾಗಿ ಹುಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ನಿಮ್ಮ ತಾಯಿಯ ಕಣ್ಣಲ್ಲಿ ಎಪ್ಪತ್ತು ವರ್ಷದಿಂದ ಅದೇ ಕೋಶಗಳು ರಜೆಯಿಲ್ಲದೆ ದುಡಿಯುತ್ತಿವೆ.

ಆರ್‌ಪಿಇ ಕೆಳಗೆ ಬ್ರುಕ್ ಪೊರೆ ಎಂಬ ತೆಳುವಾದ ಹಾಳೆ ಇದೆ. ಅದರಾಚೆ ಕೂದಲಿಗಿಂತ ಸಣ್ಣ ರಕ್ತನಾಳಗಳ ಜಾಲ. ಆಮ್ಲಜನಕ, ಆಹಾರ ಆ ನಾಳಗಳಿಂದ ಹಾಳೆ ದಾಟಿ ಒಳಗೆ ಬರಬೇಕು, ಕಸ ಹಾಳೆ ದಾಟಿ ಹೊರಗೆ ಹೋಗಬೇಕು. ವಯಸ್ಸಾದಂತೆ ಆ ಹಾಳೆಯಲ್ಲಿ ಕೊಬ್ಬು ಕೂರುತ್ತದೆ. ಮನೆಯ ಹಳೆಯ ಕಾಫಿ ಫಿಲ್ಟರಿನ ತೂತುಗಳಿಗೆ ಜಿಡ್ಡು ಹಿಡಿದರೆ ಡಿಕಾಕ್ಷನ್ ಇಳಿಯುವುದು ಹೇಗೆ ನಿಧಾನವಾಗುತ್ತದೋ ಹಾಗೆ. ಇದು ಎಲ್ಲರ ಕಣ್ಣಲ್ಲೂ ಸ್ವಲ್ಪ ಆಗುತ್ತದೆ. ಕೆಲವರಲ್ಲಿ ಅದು ಗುಡ್ಡೆಗುಡ್ಡೆಯಾಗಿ ನಿಲ್ಲುತ್ತದೆ. ಆ ಗುಡ್ಡೆಗಳೇ ಡ್ರೂಸೆನ್. ನೆದರ್‌ಲ್ಯಾಂಡ್ಸ್‌ನ ವೈದ್ಯ ಡೊಂಡರ್ಸ್ 1855ರಷ್ಟು ಹಿಂದೆಯೇ ಇವನ್ನು ನೋಡಿ ಬರೆದಿಟ್ಟಿದ್ದ. ಡಾಕ್ಟರು ಕಣ್ಣಿಗೆ ಹನಿ ಹಾಕಿ ನೋಡಿದಾಗ ಹಳದಿ ಚುಕ್ಕೆಗಳಾಗಿ ಕಾಣುತ್ತವೆ. ಅಕ್ಷಿಪಟಲದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನಿನಲ್ಲಿ ಸಪಾಟಾಗಿ ಇರಬೇಕಾದ ಗೆರೆ ಅಲ್ಲಲ್ಲಿ ಉಬ್ಬಿರುತ್ತದೆ. ಮುಂದಿನ ಸಲ ಹೋದಾಗ ಬಲಗಣ್ಣಿನ ಸ್ಕ್ಯಾನ್ ತೋರಿಸಿ ಅಂತ ಕೇಳಿ, ಬರಿಗಣ್ಣಿಗೇ ಗೊತ್ತಾಗುತ್ತದೆ.

ಡ್ರೂಸೆನ್ ಒಳಗೆ ಏನಿದೆ ಅಂತ ಬಿಡಿಸಿ ನೋಡಿದಾಗ ಕಥೆ ತಿರುಗಿತು. ಕೊಲೆಸ್ಟರಾಲ್ ಇತ್ತು, ಸತ್ತ ಕೋಶಗಳ ಚೂರು ಇತ್ತು, ಕ್ಯಾಲ್ಸಿಯಂ ಹರಳುಗಳೂ ಇದ್ದವು. ಇವೆಲ್ಲ ನಿರೀಕ್ಷೆ ಮಾಡಿದ್ದೇ. ಅವುಗಳ ಜೊತೆ ಕಾಂಪ್ಲಿಮೆಂಟ್ ಪ್ರೋಟೀನುಗಳೂ ಸಿಕ್ಕವು. ಇವು ಬ್ಯಾಕ್ಟೀರಿಯಾ ಬಂದಾಗ ಅದಕ್ಕೆ ತೂತು ಹೊಡೆದು ಕೊಲ್ಲುವ ರೋಗನಿರೋಧಕ ಪಡೆ. ಸೋಂಕೇ ಇಲ್ಲದ ಕಣ್ಣಿನ ಹಿಂಭಾಗದಲ್ಲಿ ಇವುಗಳಿಗೆ ಏನು ಕೆಲಸ?

ಉತ್ತರ 2005ರಲ್ಲಿ ಬಂತು. ಅದಕ್ಕೂ ಮುಂಚೆ ಇದರಲ್ಲಿ ವಂಶದ ಪಾಲು ದೊಡ್ಡದು ಅಂತ ಗೊತ್ತಿತ್ತು. ಅಮೆರಿಕದ ಅವಳಿಗಳ ಅಧ್ಯಯನವೊಂದು ಮುಂದುವರಿದ ಎಎಂಡಿಯಲ್ಲಿ ಅದು ಶೇ 70ರ ಆಸುಪಾಸು ಎಂದು ಅಂದಾಜು ಮಾಡಿತು. ಆದರೆ ಯಾವ ಜೀನ್? ಆ ವರ್ಷ ಬೇರೆ ಬೇರೆ ನಾಲ್ಕು ತಂಡಗಳು ಒಂದೇ ಜಾಗಕ್ಕೆ ಬೆರಳಿಟ್ಟವು. ಅವುಗಳಲ್ಲಿ ಯೇಲ್ ವಿಶ್ವವಿದ್ಯಾಲಯದ ಜೋಸೆಫೀನ್ ಹೋ ಅವರ ತಂಡದ ಅಧ್ಯಯನ ನೋಡಿದರೆ ಆಶ್ಚರ್ಯವಾಗುತ್ತದೆ. 96 ರೋಗಿಗಳು, ರೋಗವಿಲ್ಲದ 50 ಜನ, ಇಷ್ಟೇ. ಅವರ ಜೀನುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜಾಗಗಳನ್ನು ಹೋಲಿಸಿ ನೋಡಿದರು. ಇಷ್ಟು ಸಣ್ಣ ಗುಂಪಿನಲ್ಲಿ ಏನೂ ಸಿಗಬಾರದಿತ್ತು. ಸಿಕ್ಕಿತು, ಯಾಕೆಂದರೆ ಪರಿಣಾಮ ಅಷ್ಟು ದೊಡ್ಡದಾಗಿತ್ತು. ಒಂದನೇ ಕ್ರೋಮೋಸೋಮಿನ ಮೇಲಿರುವ ಕಾಂಪ್ಲಿಮೆಂಟ್ ಫ್ಯಾಕ್ಟರ್ ಎಚ್ ಎಂಬ ಜೀನ್ ಅದು. ಈ ಪ್ರೋಟೀನಿನ 402ನೇ ಜಾಗದಲ್ಲಿ ಟೈರೋಸಿನ್ ಬದಲು ಹಿಸ್ಟಿಡಿನ್ ಬಂದಿರುತ್ತದೆ. ತಂದೆಯಿಂದಲೂ ತಾಯಿಯಿಂದಲೂ ಈ ಬದಲಾವಣೆ ಪಡೆದವರಿಗೆ ಆ ಅಧ್ಯಯನದಲ್ಲಿ ಅಪಾಯ 7 ಪಟ್ಟು ಹೆಚ್ಚಿತ್ತು.

ಫ್ಯಾಕ್ಟರ್ ಎಚ್ ಮಾಡುವುದು ಬ್ರೇಕ್ ಕೆಲಸ. ಕಾಂಪ್ಲಿಮೆಂಟ್ ಪಡೆ ನಮ್ಮದೇ ಕೋಶಗಳ ಮೇಲೆ ಬೀಳದಂತೆ ತಡೆಯುತ್ತದೆ. ಬ್ರೇಕ್ ಸ್ವಲ್ಪ ಸಡಿಲವಾದರೆ ಅಂದೇ ಏನೂ ಆಗುವುದಿಲ್ಲ. ಐವತ್ತು ಅರವತ್ತು ವರ್ಷ ಸಣ್ಣ ಉರಿಯೂತ ನಡೆಯುತ್ತಲೇ ಇರುತ್ತದೆ. ಬ್ರುಕ್ ಪೊರೆಯ ಆಚೆಗಿನ ನಾಳಗಳ ಸುತ್ತ ಕಾಂಪ್ಲಿಮೆಂಟಿನ ಕೊನೆಯ ಹಂತದ ಪ್ರೋಟೀನುಗಳು ಸೇರಿಕೊಳ್ಳುತ್ತವೆ. ನಾಳಗಳು ಬಡಕಲಾಗುತ್ತವೆ. ಕೊಬ್ಬು ಸೇರಿದ ಹಾಳೆ, ಬಡಕಲು ನಾಳ, ದುಡಿದು ದಣಿದ ಆರ್‌ಪಿಇ. ಇದರಲ್ಲಿ ಯಾವುದು ಮೊದಲು ಕೆಡುತ್ತದೆ ಅಂತ ಪ್ರಯೋಗಾಲಯಗಳು ಇನ್ನೂ ಜಗಳವಾಡುತ್ತಿವೆ. ಎಲ್ಲರ ಕಣ್ಣಲ್ಲೂ ಒಂದೇ ಕ್ರಮದಲ್ಲಿ ಕೆಡಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹತ್ತನೇ ಕ್ರೋಮೋಸೋಮಿನಲ್ಲಿ ಇನ್ನೊಂದು ಜಾಗವಿದೆ. ಅಲ್ಲಿ ಎಆರ್‌ಎಂಎಸ್2, ಎಚ್‌ಟಿಆರ್‌ಎ1 ಎಂಬ ಎರಡು ಜೀನುಗಳು ಅಕ್ಕಪಕ್ಕದಲ್ಲೇ ಕೂತಿವೆ. ತಪ್ಪು ಯಾವುದರದ್ದು ಅಂತ ಬಿಡಿಸುವುದೇ ಕಷ್ಟವಾಗಿದೆ. ಫ್ಯಾಕ್ಟರ್ ಎಚ್‌ನ ಆ ಬದಲಾವಣೆ ಚೀನಾ, ಜಪಾನ್ ಕಡೆ ಅಪರೂಪ. ಅಲ್ಲಿ ಈ ಹತ್ತನೇ ಕ್ರೋಮೋಸೋಮಿನದ್ದೇ ಜೋರು. ಭಾರತದವರಲ್ಲಿ ಎರಡೂ ಕಂಡುಬಂದಿವೆ. 2016ರಲ್ಲಿ ಹಲವು ದೇಶಗಳ ಸಂಶೋಧಕರು 16,000ಕ್ಕೂ ಹೆಚ್ಚು ರೋಗಿಗಳ ಜೀನುಗಳನ್ನು ಒಟ್ಟಿಗೆ ನೋಡಿ 34 ಜಾಗಗಳಲ್ಲಿ 52 ಬದಲಾವಣೆಗಳನ್ನು ಪಟ್ಟಿ ಮಾಡಿದರು. ಕೆಲವು ಕಾಂಪ್ಲಿಮೆಂಟಿಗೆ ಸೇರಿದವು, ಕೆಲವು ಕೊಲೆಸ್ಟರಾಲ್ ಸಾಗಿಸುವವು. ಒಂದು ತಮಾಷೆ ಕೇಳಿ: ಅಲ್ಜೈಮರ್ ಅಪಾಯ ಹೆಚ್ಚಿಸುವ ಎಪಿಒಇ4 ಎಂಬ ಜೀನ್ ರೂಪ ಎಎಂಡಿಯಿಂದ ಸ್ವಲ್ಪ ಕಾಪಾಡುತ್ತದೆ. ಒಳ್ಳೆಯ ಜೀನ್, ಕೆಟ್ಟ ಜೀನ್ ಅಂತ ಹೆಸರಿಡುವುದು ಅಷ್ಟು ಸುಲಭವಲ್ಲ.

ಜೀನ್ ಬಿಟ್ಟರೆ ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ದೊಡ್ಡದು ಹೊಗೆಬತ್ತಿ. ಸೇದುವವರಿಗೆ ಅಪಾಯ ಎರಡರಿಂದ ನಾಲ್ಕು ಪಟ್ಟು. ಬೀಡಿಯೂ ಇದರಲ್ಲೇ ಬಂತು, ಸುಮ್ನೆ ಸಿಗರೇಟ್ ಮಾತ್ರ ಅಂದುಕೊಳ್ಳಬೇಡಿ. ಬಿಸಿಲಿನ ವಿಷಯದಲ್ಲಿ ಅಧ್ಯಯನಗಳು ಒಂದೇ ಮಾತು ಹೇಳಿಲ್ಲ. ಮೊಬೈಲಿನ ನೀಲಿ ಬೆಳಕಿನಿಂದ ಎಎಂಡಿ ಬರುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಹಾಗಾಗಿ ಕನ್ನಡಕದ ಅಂಗಡಿಯಲ್ಲಿ ‘ಬ್ಲೂ ಕಟ್’ ಹಾಕಿಸಿದರೆ ಮ್ಯಾಕ್ಯುಲಾ ಉಳಿಯುತ್ತದೆ ಅಂದರೆ ನಗಬಹುದು.

ಇಲ್ಲಿಯವರೆಗಿನದು ಶುರುವಿನ ಕಥೆ. ಇಷ್ಟು ಗೊತ್ತಾದ ಮೇಲೆ ಮುಂದಿನ ಹೆಜ್ಜೆ ಸುಲಭ ಅನ್ನಿಸಿತ್ತು. ಕಾಂಪ್ಲಿಮೆಂಟ್ ಅತಿಯಾಗಿದೆ ಅಂದರೆ ಅದನ್ನು ತಡೆಯುವ ಔಷಧ ಕೊಟ್ಟರಾಯಿತು, ಅಲ್ವಾ? ಲ್ಯಾಂಪಲಿಜುಮ್ಯಾಬ್ ಎಂಬ ಔಷಧವನ್ನು 1,800ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದರು. ಡ್ರೈ ಎಎಂಡಿಯ ಕೊನೆಯ ಹಂತದಲ್ಲಿ ಆರ್‌ಪಿಇ ಸತ್ತು ನಕ್ಷೆಯ ಹಾಗೆ ಖಾಲಿ ತೇಪೆಗಳು ಬೀಳುತ್ತವೆ. ಅದನ್ನು ಜಿಯೋಗ್ರಾಫಿಕ್ ಅಟ್ರೋಫಿ ಎನ್ನುತ್ತಾರೆ. ಆ ತೇಪೆ ಬೆಳೆಯುವುದು ನಿಧಾನವಾಗುತ್ತದೆಯೇ ಅಂತ ನೋಡಿದರು. 2017ರಲ್ಲಿ ಫಲಿತಾಂಶ ಬಂತು. ಏನೂ ವ್ಯತ್ಯಾಸವಿಲ್ಲ.

ಪ್ರಯತ್ನ ನಿಲ್ಲಲಿಲ್ಲ. 2023ರಲ್ಲಿ ಅಮೆರಿಕ ಎರಡು ಔಷಧಗಳಿಗೆ ಒಪ್ಪಿಗೆ ಕೊಟ್ಟಿತು, ಪೆಗ್‌ಸೆಟಾಕೋಪ್ಲಾನ್ ಮತ್ತು ಅವಾಸಿನ್‌ಕ್ಯಾಪ್ಟಾಡ್. ಎರಡು ಔಷಧಗಳೂ ಕಣ್ಣಿಗೆ ಚುಚ್ಚುವಂಥವು. ಪೆಗ್‌ಸೆಟಾಕೋಪ್ಲಾನ್ ಎರಡು ವರ್ಷದಲ್ಲಿ ತೇಪೆಯ ಬೆಳವಣಿಗೆಯನ್ನು ಹೆಚ್ಚುಕಡಿಮೆ ಐದರಲ್ಲೊಂದು ಪಾಲು ತಗ್ಗಿಸಿತು. ಸ್ಕ್ಯಾನಿನಲ್ಲಿ ವ್ಯತ್ಯಾಸ ಕಂಡಿತು, ಚಾರ್ಟ್ ಓದಿಸಿದಾಗ ಕಾಣಲಿಲ್ಲ. ಔಷಧ ಪಡೆದ ಕೆಲವರ ಕಣ್ಣು ವೆಟ್ ಆಗುವುದೂ ಜಾಸ್ತಿಯಾಯಿತು. ಯುರೋಪಿನ ಔಷಧ ನಿಯಂತ್ರಕರು 2024ರಲ್ಲಿ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆ ಅಂತ ನನಗನ್ನಿಸುತ್ತದೆ. ತಿಂಗಳಿಗೊಮ್ಮೆ ಅಥವಾ ಎರಡು ತಿಂಗಳಿಗೊಮ್ಮೆ ಕಣ್ಣಿಗೆ ಸೂಜಿ ಚುಚ್ಚಿಸಿಕೊಂಡ ಅಜ್ಜಿಗೆ ಕೊನೆಗೆ ಸಿಕ್ಕಿದ್ದೇನು?

ಬ್ರೇಕ್ ಸಡಿಲವಾಗಿದ್ದೇ ಮೂಲ ಅಂದಮೇಲೆ ಬ್ರೇಕ್ ಒತ್ತಿದರೂ ಗಾಡಿ ಯಾಕೆ ನಿಲ್ಲುತ್ತಿಲ್ಲ? ಒಂದು ಉತ್ತರ, ನಾವು ತಡವಾಗಿ ಬಂದೆವು. ತೇಪೆ ಬೀಳುವ ಹೊತ್ತಿಗೆ ಕಾಂಪ್ಲಿಮೆಂಟ್ ತನ್ನ ಕೆಲಸ ಮುಗಿಸಿರಬಹುದು. ಆಮೇಲೆ ಸಾಯುವ ಕೋಶ ಪಕ್ಕದ ಕೋಶವನ್ನು ಕೆಡಿಸುತ್ತಾ ಹೋಗುತ್ತದೆ, ಅದಕ್ಕೆ ಮೊದಲಿನ ಕಾರಣ ಬೇಕೇ ಇಲ್ಲ. ಇನ್ನೊಂದು, ನಮಗೆ ಒಳ್ಳೆಯ ಪ್ರಾಣಿ ಮಾದರಿ ಇಲ್ಲ. ಇಲಿಗೆ ಮ್ಯಾಕ್ಯುಲಾನೇ ಇಲ್ಲ. ಮಂಗಗಳಿಗೆ ಇದೆ, ಆದರೆ ಅವು ಮುದಿಯಾಗುವವರೆಗೆ ಕಾಯುವ ಸಂಶೋಧನೆಗೆ ಹಣ ಕೊಡುವವರು ಯಾರು? ಹಾಗಾಗಿ ನಿಜವಾದ ಪಾಠ ಬಂದಿರುವುದು ಬಹುಪಾಲು ತೀರಿಹೋದ ಮೇಲೆ ಕಣ್ಣು ದಾನ ಮಾಡಿದವರಿಂದ.

ದಾನದ ಕಣ್ಣುಗಳಿಂದ ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಕರ್ಸಿಯೊ ತೋರಿಸಿದ್ದು ನನಗೆ ಬಹಳ ಇಷ್ಟವಾದ ಕೆಲಸ. ಮಧ್ಯದ ತಗ್ಗಿನಲ್ಲಿ ಹಗಲಿನ ಕೋಶಗಳು ದಟ್ಟವಾಗಿರುತ್ತವೆ. ಅದರ ಸುತ್ತ ಮಂದ ಬೆಳಕಿನಲ್ಲಿ ನೋಡುವ ಕೋಶಗಳ ಉಂಗುರವಿದೆ. ಮೊದಲು ಸಾಯುವುದು ಈ ಮಂದ ಬೆಳಕಿನವು. ಚಾರ್ಟಿನ ಕೊನೆಯ ಸಾಲು ಸಲೀಸಾಗಿ ಓದುವ ಹೊತ್ತಿನಲ್ಲೇ ಅವು ಕಡಿಮೆಯಾಗಿರುತ್ತವೆ. ಅವರ ಸಹೋದ್ಯೋಗಿ ಸಿಂಥಿಯಾ ಔಸ್ಲಿ ಬದುಕಿರುವವರಲ್ಲಿ ಇದನ್ನೇ ಬೇರೆ ರೀತಿ ಅಳೆದರು. ಜೋರು ಬೆಳಕು ತೋರಿಸಿ, ಆಮೇಲೆ ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಎಷ್ಟು ಹೊತ್ತು ಬೇಕು ಅಂತ ನೋಡಿದರು. ಹೊಂದಿಕೊಳ್ಳಲು ಜಾಸ್ತಿ ಹೊತ್ತು ತೆಗೆದುಕೊಂಡವರಲ್ಲಿ ಮುಂದಿನ ವರ್ಷಗಳಲ್ಲಿ ಎಎಂಡಿ ಜಾಸ್ತಿ ಕಾಣಿಸಿತು. ನಿಮ್ಮ ತಾಯಿಯನ್ನು ಕೇಳಿ ನೋಡಿ. ಮಧ್ಯಾಹ್ನ ಬಿಸಿಲಿನಿಂದ ನಡುಮನೆಗೆ ಬಂದಾಗ ಎದುರಿಗಿರುವ ಚೊಂಬು ಕಾಣಲು ಹೊತ್ತು ಹಿಡಿಯುತ್ತಿತ್ತು, ಕರೆಂಟ್ ಹೋದಾಗ ಗೋಡೆ ಹಿಡಿದು ನಿಲ್ಲುತ್ತಿದ್ದೆ ಅಂತ ಹೇಳಬಹುದು. ಇದನ್ನು ಯಾರೂ ಡಾಕ್ಟರ ಹತ್ತಿರ ಹೇಳುವುದಿಲ್ಲ. ವಯಸ್ಸಾಯಿತು ಅಂದುಕೊಳ್ಳುತ್ತಾರೆ.

ಈಗ ಎಡಗಣ್ಣು. ವೆಟ್ ಅಂದರೆ ಬ್ರುಕ್ ಪೊರೆ ಸೀಳಿಕೊಂಡು ಹೊಸ ರಕ್ತನಾಳಗಳು ಒಳಗೆ ನುಗ್ಗಿವೆ. ಅವು ಗಟ್ಟಿಯಿಲ್ಲದ ನಾಳಗಳು, ನೀರು, ರಕ್ತ ಸೋರುತ್ತವೆ. ಎಎಂಡಿ ಇರುವವರಲ್ಲಿ ನೂರಕ್ಕೆ ಹತ್ತು ಹದಿನೈದು ಜನಕ್ಕೆ ಮಾತ್ರ ಇದು ಆಗುವುದು. ಆದರೆ ಇಂಜೆಕ್ಷನ್ ಬರುವ ಮುಂಚೆ ಎಎಂಡಿಯಿಂದ ಕಣ್ಣು ತೀರಾ ಹೋಗುತ್ತಿದ್ದದ್ದು ಬಹುಪಾಲು ಇದರಿಂದಲೇ. ಇಲ್ಲಿ ಸಂಶೋಧನೆ ನಿಜಕ್ಕೂ ಗೆದ್ದಿದೆ. ಗೆಡ್ಡೆಗಳು ತಮಗೆ ಬೇಕಾದ ರಕ್ತನಾಳಗಳನ್ನು ತಾವೇ ಬೆಳೆಸಿಕೊಳ್ಳುತ್ತವೆ, ಅದನ್ನು ತಡೆಯಬಹುದು ಅಂತ ಜುಡಾ ಫೋಕ್‌ಮನ್ 1971ರಲ್ಲಿ ಬರೆದಾಗ ಎಷ್ಟೋ ಜನ ನಂಬಲಿಲ್ಲ. ನಾಳ ಬೆಳೆಸುವ ಆ ಸಂದೇಶದ ಪ್ರೋಟೀನನ್ನು, ಅಂದರೆ ವಿಇಜಿಎಫ್ ಅನ್ನು, 1989ರಲ್ಲಿ ನೆಪೋಲಿಯೋನೆ ಫೆರಾರಾ ಗುರುತಿಸಿದರು. ಕ್ಯಾನ್ಸರಿಗೆ ಹುಡುಕಿದ್ದು ಕಣ್ಣಿಗೆ ಒದಗಿತು. 2006ರಲ್ಲಿ ವಿಇಜಿಎಫ್ ತಡೆಯುವ ಇಂಜೆಕ್ಷನ್ ರ‍್ಯಾನಿಬಿಜುಮ್ಯಾಬ್ ಬಂತು. ಅದರ ಪರೀಕ್ಷೆಯಲ್ಲಿ ಒಂದು ವರ್ಷದ ಕೊನೆಗೆ ಸುಮಾರು ಮೂರನೇ ಒಂದು ಪಾಲು ರೋಗಿಗಳು ಚಾರ್ಟಿನಲ್ಲಿ ಮೂರು ಸಾಲು ಜಾಸ್ತಿ ಓದಿದರು. ಅದಕ್ಕೂ ಮುಂಚಿನ ಚಿಕಿತ್ಸೆಗಳು ನೋಟ ಹೋಗುವುದನ್ನು ನಿಧಾನ ಮಾಡುತ್ತಿದ್ದವೇ ಹೊರತು, ಹೋದ ನೋಟ ಹೀಗೆ ವಾಪಸ್ ಬರುತ್ತಿರಲಿಲ್ಲ.

ದುಡ್ಡಿನ ಮಾತೂ ಇದೆ. ಕರುಳಿನ ಕ್ಯಾನ್ಸರಿನ ಔಷಧವಾದ ಬೆವಾಸಿಜುಮ್ಯಾಬ್ ಅನ್ನು ಸಣ್ಣ ಪ್ರಮಾಣದಲ್ಲಿ ಕಣ್ಣಿಗೆ ಕೊಟ್ಟು ನೋಡಬಹುದು ಅಂತ ಮಯಾಮಿಯ ಫಿಲಿಪ್ ರೋಸೆನ್‌ಫೆಲ್ಡ್ 2005ರಲ್ಲಿ ತೋರಿಸಿದರು. 2011ರಲ್ಲಿ ಅಮೆರಿಕ ಸರ್ಕಾರದ ಹಣದಲ್ಲಿ ನಡೆದ ಹೋಲಿಕೆಯಲ್ಲಿ ಎರಡು ಔಷಧಗಳೂ ನೋಟಕ್ಕೆ ಸಮನಾಗಿ ನೆರವಾದವು. ಬೆಲೆಯಲ್ಲಿ ಅಜಗಜಾಂತರ. 2015ರಲ್ಲಿ ಭಾರತದಲ್ಲೇ ತಯಾರಾದ ರ‍್ಯಾನಿಬಿಜುಮ್ಯಾಬ್ ಕೂಡ ಮಾರುಕಟ್ಟೆಗೆ ಬಂತು. ಹಾಗಾಗಿ ನಿಮಗೆ ಬರೆದುಕೊಟ್ಟ ಇಂಜೆಕ್ಷನ್ ಭಾರವಾಗುತ್ತಿದ್ದರೆ ಅರ್ಧಕ್ಕೆ ಬಿಡಬೇಡಿ. ಕಡಿಮೆ ಬೆಲೆಯದು ಯಾವುದು ಆಗುತ್ತದೆ ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಅದರಲ್ಲಿ ಸಂಕೋಚ ಬೇಡ.

ಇಂಜೆಕ್ಷನ್ ವಿಇಜಿಎಫ್ ಅನ್ನು ಹಿಡಿದಿಡುತ್ತದೆ. ಆ ಪ್ರೋಟೀನ್ ಹುಟ್ಟುವಂತೆ ಮಾಡಿದ ಹಳೆಯ ತೊಂದರೆ ಹಾಗೇ ಇರುತ್ತದೆ. 2006ರ ಆ ಮೊದಲ ಇಂಜೆಕ್ಷನ್‌ನ ಪರೀಕ್ಷೆಗಳಲ್ಲಿದ್ದ 65 ಜನರನ್ನು ಸುಮಾರು ಏಳು ವರ್ಷದ ನಂತರ ಮತ್ತೆ ನೋಡಿದಾಗ ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಜನರ ನೋಟ ಚೆನ್ನಾಗಿ ಉಳಿದಿತ್ತು. ಅಷ್ಟೇ ಜನರದ್ದು ತೀರಾ ಕುಸಿದಿತ್ತು. ಅಷ್ಟು ವರ್ಷದಲ್ಲಿ ಹಲವರಿಗೆ ಇಂಜೆಕ್ಷನ್ ಕಡಿಮೆಯಾಗಿತ್ತು, ಸೋರಿಕೆಯ ಕೆಳಗೆ ಒಣ ತೇಪೆಯೂ ಬೆಳೆದಿತ್ತು. ಏಷ್ಯಾದವರಲ್ಲಿ ಇನ್ನೊಂದು ಬಗೆಯಿದೆ, ನಾಳಗಳ ತುದಿ ದ್ರಾಕ್ಷಿಗೊನೆಯ ಹಾಗೆ ಉಬ್ಬುವುದು. ಹೆಸರು ಪಾಲಿಪಾಯ್ಡಲ್ ವ್ಯಾಸ್ಕುಲೋಪತಿ. ನಾಲ್ಕಾರು ಇಂಜೆಕ್ಷನ್ ಆದರೂ ನೀರು ಇಳಿಯದಿದ್ದರೆ ಅದೇ ಇರಬಹುದೇ ಅಂತ ಐಸಿಜಿ ಎಂಬ ಹಸಿರು ಬಣ್ಣದ ಆಂಜಿಯೋಗ್ರಾಫಿ ಮಾಡಿ ನೋಡುತ್ತಾರೆ. ಅದಕ್ಕೆ ಇಂಜೆಕ್ಷನ್ ಜೊತೆ ಒಂದು ಲೇಸರ್ ಚಿಕಿತ್ಸೆಯೂ ಉಂಟು.

ನಿಮ್ಮ ನಿಜವಾದ ಚಿಂತೆ ಬಲಗಣ್ಣು. ಇದಕ್ಕೆ ಅಂದಾಜು ಮಾಡುವ ಸರಳ ಲೆಕ್ಕವೊಂದಿದೆ. ಅಮೆರಿಕದ ಎಆರ್‌ಇಡಿಎಸ್ ಅಧ್ಯಯನದವರು 2005ರಲ್ಲಿ ಕೊಟ್ಟದ್ದು. ಒಂದು ಕಣ್ಣು ಆಗಲೇ ವೆಟ್ ಆಗಿದ್ದರೆ 2 ಅಂಕ. ಇನ್ನೊಂದು ಕಣ್ಣಲ್ಲಿ ದೊಡ್ಡ ಡ್ರೂಸೆನ್ ಇದ್ದರೆ 1 ಅಂಕ. ದೊಡ್ಡದು ಅಂದರೆ 125 ಮೈಕ್ರಾನ್, ಕಣ್ಣಿನ ನರದ ಅಂಚಿನಲ್ಲಿ ಕಾಣುವ ರಕ್ತನಾಳದಷ್ಟು ಅಗಲ. ಆರ್‌ಪಿಇ ಬಣ್ಣ ಚದುರಿದ್ದರೆ ಮತ್ತೊಂದು ಅಂಕ. ಒಟ್ಟು 2 ಬಂದರೆ ಮುಂದಿನ ಐದು ವರ್ಷದಲ್ಲಿ ರೋಗ ಮುಂದುವರಿಯುವ ಸಾಧ್ಯತೆ ಸುಮಾರು ಶೇ 12. 3 ಬಂದರೆ ಸುಮಾರು ಶೇ 25. 4 ಬಂದರೆ ಸುಮಾರು ಶೇ 50. ಅಂದರೆ ‘ಬಲಗಣ್ಣಲ್ಲಿ ಡ್ರೈ ಇದೆ’ ಅನ್ನುವ ಮಾತೊಂದರಿಂದಲೇ ಏನೂ ಹೇಳಲಾಗದು. ಡ್ರೂಸೆನ್ ಎಷ್ಟು ದೊಡ್ಡದು, ಬಣ್ಣ ಚದುರಿದೆಯಾ, ಈ ಎರಡು ಪ್ರಶ್ನೆ ಕೇಳಿ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಜೀನ್ ಟೆಸ್ಟಿಗಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಅದೇ ಅಧ್ಯಯನದವರು ಪರೀಕ್ಷಿಸಿದ ವಿಟಮಿನ್ ಮಾತ್ರೆ ನಿಮ್ಮ ತಾಯಿಗೆ ಬರೆದಿರಬಹುದು. ಈಗಿನ ಸೂತ್ರದಲ್ಲಿ ವಿಟಮಿನ್ ಸಿ 500 ಮಿಲಿಗ್ರಾಂ, ವಿಟಮಿನ್ ಇ 400 ಯೂನಿಟ್, ಸತು, ತಾಮ್ರ, ಜೊತೆಗೆ ಲ್ಯೂಟಿನ್ 10 ಮತ್ತು ಜಿಯಾಕ್ಸಾಂಥಿನ್ 2 ಮಿಲಿಗ್ರಾಂ ಇರುತ್ತದೆ. ಮಧ್ಯಮ ಹಂತದವರಲ್ಲಿ, ಮತ್ತು ಒಂದು ಕಣ್ಣು ಕೆಟ್ಟು ಇನ್ನೊಂದು ಉಳಿದವರಲ್ಲಿ, ಐದು ವರ್ಷದಲ್ಲಿ ಮುಂದುವರಿಯುವ ಅಪಾಯ ಕಾಲುಭಾಗ ಕಡಿಮೆಯಾಯಿತು. ನಿಮ್ಮ ತಾಯಿ ಎರಡನೇ ಗುಂಪಿನವರು, ಅವರಿಗೆ ಲಾಭವಿದೆ. ಹಳೆಯ ಸೂತ್ರದಲ್ಲಿ ಬೀಟಾ ಕ್ಯಾರೊಟಿನ್ ಇತ್ತು. ಅದು ಸಿಗರೇಟು ಸೇದಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿಸಿದ್ದರಿಂದ ತೆಗೆದರು. ಡಬ್ಬಿಯ ಹಿಂದೆ ಓದಿ ನೋಡಿ, ಅದು ಇದ್ದರೆ ಬೇರೆ ತನ್ನಿ. ಮೀನೆಣ್ಣೆ ಸೇರಿಸಿದ್ದರಿಂದ ಯಾವ ಹೆಚ್ಚಿನ ಲಾಭವೂ ಕಾಣಲಿಲ್ಲ. 2024ರಲ್ಲಿ ಹಳೆಯ ಫೋಟೋಗಳನ್ನೇ ಮತ್ತೆ ಅಳೆದವರು, ಈ ಮಾತ್ರೆ ತೆಗೆದುಕೊಂಡವರಲ್ಲಿ ಒಣ ತೇಪೆ ನಡುವಿನ ಕಡೆ ಹಬ್ಬುವುದು ನಿಧಾನವಾಗಿತ್ತು ಎಂದಿದ್ದಾರೆ. ಆಶಾದಾಯಕ, ಆದರೆ ಹಳೆಯ ಲೆಕ್ಕವನ್ನು ಹಿಂದಿನಿಂದ ನೋಡಿದ್ದು ಅನ್ನುವುದು ನೆನಪಿರಲಿ.

ನಿಮಗೆ ಆ ಮಾತ್ರೆ ಬೇಡ. ಎಎಂಡಿ ಇಲ್ಲದವರಿಗೆ ಅದು ಬರದಂತೆ ತಡೆಯುತ್ತದೆ ಎಂದು ಯಾರೂ ತೋರಿಸಿಲ್ಲ. ಜೀನ್ ಟೆಸ್ಟೂ ಬೇಡ. ಫಲಿತಾಂಶ ಏನೇ ಬಂದರೂ ನಾನು ಹೇಳುವ ಮಾತು ಬದಲಾಗುವುದಿಲ್ಲ. ತಾಯಿಗೆ ಇರುವುದರಿಂದ ನಿಮ್ಮ ಅಪಾಯ ಬೇರೆಯವರಿಗಿಂತ ಜಾಸ್ತಿ, ಅದು ಟೆಸ್ಟ್ ಇಲ್ಲದೆಯೂ ಗೊತ್ತಿದೆ. ಆದರೂ ಹೆದರಬೇಡಿ. ಗುರುಗಾಂವ್ ಮತ್ತು ಪುದುಚೇರಿ ಕಡೆ ನಡೆದ ದೊಡ್ಡ ಸಮೀಕ್ಷೆಯಲ್ಲಿ 60 ದಾಟಿದವರಲ್ಲಿ ಮುಂದುವರಿದ ಎಎಂಡಿ ಇದ್ದದ್ದು ಶೇ 1.2 ಜನಕ್ಕೆ. ಸೇದುತ್ತಿದ್ದರೆ ಬಿಡಿ. ಬಸಳೆ, ಹರಿವೆ, ನುಗ್ಗೆಸೊಪ್ಪು, ಮೊಟ್ಟೆ, ಮೆಕ್ಕೆಜೋಳ ತಿನ್ನಿ. ಮ್ಯಾಕ್ಯುಲಾದ ಹಳದಿ ಬಣ್ಣ ಇವುಗಳಲ್ಲಿರುವ ಲ್ಯೂಟಿನ್‌ನಿಂದಲೇ, ದೇಹ ಅದನ್ನು ತಾನೇ ಮಾಡಿಕೊಳ್ಳುವುದಿಲ್ಲ. 50 ತುಂಬಿದ ಮೇಲೆ ಕಣ್ಣಿಗೆ ಹನಿ ಹಾಕಿಸಿ ರೆಟಿನಾ ತೋರಿಸಿಕೊಳ್ಳುತ್ತಿರಿ.

ಮನೆಯಲ್ಲಿ ಮಾಡಬೇಕಾದ ಕೆಲಸ ಒಂದಿದೆ. ಅಮ್ಮ ಓದುವ ಕನ್ನಡಕ ಹಾಕಿಕೊಂಡು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಮಾತ್ರ ಆಮ್ಸ್ಲರ್ ಚೌಕುಳಿ ನೋಡಬೇಕು. ಹತ್ತು ಸೆಂಟಿಮೀಟರ್ ಅಗಲದ ಹಾಳೆ, ಅದರಲ್ಲಿ ಅರ್ಧರ್ಧ ಸೆಂಟಿಮೀಟರಿನ ಮನೆಗಳು, ನಡುವೆ ಚುಕ್ಕೆ. ಹಾಳೆ ಇಲ್ಲದಿದ್ದರೆ ಬಚ್ಚಲುಮನೆಯ ಟೈಲ್ಸ್ ಗೆರೆಯೂ ಆಗುತ್ತದೆ, ಬಾಗಿಲ ಚೌಕಟ್ಟೂ ಆಗುತ್ತದೆ. ಎರಡೂ ಕಣ್ಣು ಬಿಟ್ಟು ನೋಡಿದರೆ ಪ್ರಯೋಜನವಿಲ್ಲ, ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕುತ್ತದೆ. ನೇರವಾದ ಗೆರೆ ಸೊಟ್ಟಗೆ ಕಂಡರೆ, ನಡುವೆ ಹೊಸ ಕಲೆ ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅದೇ ವಾರ ಹೋಗಿ. ಇಂಜೆಕ್ಷನ್ ಶುರುವಾಗುವ ದಿನ ಕಣ್ಣು ಎಷ್ಟು ಚೆನ್ನಾಗಿತ್ತೋ, ಕೊನೆಗೆ ಉಳಿಯುವುದೂ ಹೆಚ್ಚಾಗಿ ಅದರ ಮೇಲೇ ನಿಂತಿದೆ.

ಸ್ಟೆಮ್ ಸೆಲ್ ಬಗ್ಗೆ ನೀವು ಕೇಳಿಲ್ಲ. ಆದರೆ ಯಾರಾದರೂ ನಿಮಗೆ ವಾಟ್ಸಾಪಿನಲ್ಲಿ ಕಳಿಸಿಯೇ ಕಳಿಸುತ್ತಾರೆ. ನಿಜವಾದ ಕೆಲಸ ನಡೆಯುತ್ತಿದೆ. ಜಪಾನಿನ ಮಸಾಯೊ ತಕಹಾಶಿ 2014ರಲ್ಲಿ ವೃದ್ಧೆಯೊಬ್ಬರ ಚರ್ಮದ ಕೋಶದಿಂದಲೇ ಆರ್‌ಪಿಇ ಹಾಳೆ ಬೆಳೆಸಿ ಅವರ ಕಣ್ಣಿಗೆ ಕೂರಿಸಿದರು. ಅಮೆರಿಕದ ರಾಷ್ಟ್ರೀಯ ಕಣ್ಣು ಸಂಸ್ಥೆಯಲ್ಲಿ ಭಾರತ ಮೂಲದ ಕಪಿಲ್ ಭಾರ್ತಿ ಅವರ ತಂಡ 2022ರಲ್ಲಿ ಅಂಥದೇ ಪ್ರಯೋಗಕ್ಕೆ ಇಳಿಯಿತು. ಇವೆಲ್ಲ ಇನ್ನೂ ಪರೀಕ್ಷೆಯ ಹಂತ. ಇನ್ನೊಂದು ಕಡೆ, ಹೊಟ್ಟೆಯ ಕೊಬ್ಬಿನಿಂದ ತೆಗೆದ ‘ಸ್ಟೆಮ್ ಸೆಲ್’ ಅನ್ನು ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿಸಿಕೊಂಡ ಫ್ಲಾರಿಡಾದ ಮೂವರು ಹೆಂಗಸರು ಇದ್ದ ನೋಟವನ್ನೂ ಬಹುಪಾಲು ಕಳೆದುಕೊಂಡದ್ದು 2017ರಲ್ಲಿ ವರದಿಯಾಯಿತು. ಅವರು ಅದಕ್ಕೆ ದುಡ್ಡು ಕೊಟ್ಟಿದ್ದರು. ಗುರುತು ಹಿಡಿಯುವುದು ಇದರಿಂದಲೇ: ನಿಜವಾದ ಪ್ರಯೋಗದಲ್ಲಿ ಚಿಕಿತ್ಸೆಗೆ ರೋಗಿಯಿಂದ ಹಣ ಕೇಳುವುದಿಲ್ಲ, ಎರಡೂ ಕಣ್ಣಿಗೆ ಒಟ್ಟಿಗೆ ಕೈ ಹಾಕುವುದಿಲ್ಲ.

ಇನ್ನೊಂದು ಮಾತು, ಸಂಶೋಧನೆಗೆ ಸೇರಿದ್ದಲ್ಲ. ನಡುವಿನ ನೋಟ ಕಡಿಮೆಯಾದ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ. ಗೋಡೆಯ ಮೇಲೆ ರಂಗೋಲಿ, ಅಂಗಳದಲ್ಲಿ ಪುಟ್ಟ ಪುಟ್ಟ ಜನ, ಗೊತ್ತಿಲ್ಲದ ಮುಖಗಳು. ಇದಕ್ಕೆ ಚಾರ್ಲ್ಸ್ ಬೋನೆ ಸಿಂಡ್ರೋಮ್ ಅನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಬೋನೆ ತನ್ನ ಅಜ್ಜನಿಗೆ ಹೀಗಾದದ್ದನ್ನು 1760ರಲ್ಲೇ ಬರೆದಿದ್ದ. ಕಣ್ಣಿನಿಂದ ಸುದ್ದಿ ಬರುವುದು ಕಡಿಮೆಯಾದಾಗ ಮಿದುಳು ತಾನೇ ಚಿತ್ರ ಕಟ್ಟುತ್ತದೆ. ಹುಚ್ಚೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಇಂಥದನ್ನು ಹೊರಗೆ ಹೇಳಿದರೆ ಮಂತ್ರ ಹಾಕಿಸಲು ಕರೆದುಕೊಂಡು ಹೋಗುತ್ತಾರೆ ಅಂತ ಹೆದರಿ ಬಾಯಿಬಿಡದವರು ಇದ್ದಾರೆ. ಅಮ್ಮ ತಾವಾಗಿ ಹೇಳಲಿಕ್ಕಿಲ್ಲ. ನೀವೇ ಒಮ್ಮೆ ಕೇಳಿ. ಹೌದು ಅಂದರೆ ಮುಂದಿನ ಸಲ ಡಾಕ್ಟರಿಗೆ ಅದನ್ನೂ ತಿಳಿಸಿ.